ತಂತಿಗೆ ಚುಚ್ಚಿಟ್ಟ ಕಾಗದಗಳನ್ನು ಬಿಡಿಸುವ ಮುನ್ನ

ಹಳೆಯ ಮನೆಗಳ ಪಡಸಾಲೆಯಲ್ಲಿ, ಬಾಗಿಲ ಚೌಕಟ್ಟಿನ ಪಕ್ಕದ ಮೊಳೆಗೆ ಒಂದು ತಂತಿ ನೇತಾಡುತ್ತಿತ್ತು. ಬುಡದಲ್ಲಿ ಮರದ ಅಥವಾ ತಗಡಿನ ಬಿಲ್ಲೆ, ತುದಿಯಲ್ಲಿ ಕೊಕ್ಕೆ. ಬಂದ ಕಾಗದವನ್ನು ಓದಿ ಮುಗಿಸಿ, ಕೊಕ್ಕೆಗೆ ಚುಚ್ಚಿ ಕೆಳಕ್ಕೆ ಸರಿಸಿದರೆ ಕೆಲಸ ಮುಗಿಯಿತು. ತಂತಿ ತುಂಬಿದರೆ ಅದು ಅಟ್ಟಕ್ಕೆ, ಮೊಳೆಗೆ ಹೊಸದೊಂದು. ಮನೆ ಕೆಡವುವಾಗಲೋ, ಅಣ್ಣತಮ್ಮಂದಿರು ಪಾಲಾಗುವಾಗಲೋ ಈ ತಂತಿಗಳು ಅಟ್ಟದಿಂದ ಇಳಿಯುತ್ತವೆ. ಇಳಿದ ದಿನವೇ ಮನೆಯಲ್ಲಿ ಯಾರಾದರೊಬ್ಬರು ಉಮೇದಿನಿಂದ ಎಲ್ಲವನ್ನೂ ಎಳೆದು ಕಾರ್ಡು ಒಂದು ಕಡೆ, ಇನ್‌ಲ್ಯಾಂಡ್ ಒಂದು ಕಡೆ, ರಸೀದಿ ಇನ್ನೊಂದು ಕಡೆ ಎಂದು ಗುಡ್ಡೆ ಹಾಕುತ್ತಾರೆ. ಇಲಿ, ಗೆದ್ದಲು, ಸೋರುವ ಹೆಂಚು ಎಪ್ಪತ್ತು ವರ್ಷದಲ್ಲಿ ಮಾಡದ ನಷ್ಟ ಆ ಒಂದು ಮಧ್ಯಾಹ್ನ ಆಗಿಹೋಗುತ್ತದೆ.

ಏಕೆಂದರೆ ಆ ತಂತಿಯೇ ಒಂದು ಕಾಲಗಣನೆ. ಬುಡದಲ್ಲಿ ಹಳೆಯದು, ಮೇಲೆ ಹೊಸದು. ತಾರೀಖು ಬರೆಯದ, ಅಂಚೆ ಸೀಲು ಮಸುಕಾದ ಕಾರ್ಡೊಂದು 1938ರ ಕಂದಾಯದ ರಸೀದಿಗೂ 1939ರ ಮನಿಯಾರ್ಡರ್ ಕೂಪನ್‌ಗೂ ನಡುವೆ ಸಿಕ್ಕಿದ್ದರೆ ಅದರ ಕಾಲ ಅಲ್ಲಿಯೇ ಗೊತ್ತಾಯಿತು. ಕಾರ್ಡುಗಳ ಗುಡ್ಡೆಗೆ ಬಿದ್ದ ಮೇಲೆ ಅದು ಬರೀ "ಯಾವುದೋ ಹಳೇ ಕಾರ್ಡು". ಪತ್ರಾಗಾರಗಳಲ್ಲಿ ಕೆಲಸ ಮಾಡುವವರು ಮೂಲಕ್ರಮ ಎಂದು ಪದೇ ಪದೇ ಹೇಳುವುದು ಇದನ್ನೇ. ಕಾಗದ ಯಾವ ಗಂಟಿನಲ್ಲಿ, ಯಾವುದರ ಜೊತೆ, ಎಷ್ಟನೆಯದಾಗಿ ಸಿಕ್ಕಿತು ಎಂಬುದಕ್ಕೆ ಒಳಗಿನ ಬರಹದಷ್ಟೇ ಬೆಲೆಯಿದೆ. ಟ್ರಂಕಿನಲ್ಲಿ ಬಟ್ಟೆ ಸುತ್ತಿಟ್ಟ ಗಂಟಿಗೂ, ಪಂಚಾಂಗದ ಹಾಳೆಗಳ ನಡುವೆ ಸಿಕ್ಕಿಸಿದ ಚೀಟಿಗೂ ಇದೇ ಮಾತು.

ತಂತಿಯಿಂದ ಬಿಡಿಸುವುದಕ್ಕೆ ಒಂದು ರೀತಿ ಇದೆ. ಮೊದಲು ಇಡೀ ಗೊಂಚಲಿನ ಫೋಟೋ, ನಾಲ್ಕೂ ಕಡೆಯಿಂದ. ಕಾಗದಗಳನ್ನು ಕೊಕ್ಕೆಯ ಬಾಗಿನಿಂದ ಎಳೆದು ತೆಗೆಯಲು ಹೋದರೆ ತೂತು ದೊಡ್ಡದಾಗಿ ಅಕ್ಷರ ಹೋಗುತ್ತದೆ. ಕಟಿಂಗ್ ಪ್ಲೈಯರ್‌ನಿಂದ ಕೊಕ್ಕೆಯನ್ನೇ ಕತ್ತರಿಸಿ, ತುದಿಯ ಚೂಪನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿ. ಉಜ್ಜುವಾಗ ಉದುರುವ ಪುಡಿ ಕಾಗದದ ಮೇಲೆ ಬೀಳದಂತೆ ಮೇಲಿನ ಹಾಳೆಗೆ ಒಂದು ಬಟ್ಟೆ ಮುಚ್ಚಿರಲಿ. ಆಮೇಲೆ ಮೇಲಿನಿಂದ ಒಂದೊಂದಾಗಿ, ಎರಡೂ ಕೈಯಿಂದ ತೂತಿನ ಅಕ್ಕಪಕ್ಕ ಹಿಡಿದು ಎತ್ತಿ, ಮಗುಚಿ ಒಂದರ ಮೇಲೊಂದು ಇಡುತ್ತಾ ಬನ್ನಿ. ಕೊನೆಗೆ ಇಡೀ ಕಟ್ಟನ್ನು ಒಟ್ಟಿಗೆ ಮಗುಚಿದರೆ ತಂತಿಯಲ್ಲಿದ್ದ ಕ್ರಮವೇ ಉಳಿದಿರುತ್ತದೆ. ತುಕ್ಕಿಗೆ ಅಂಟಿಕೊಂಡ ಹಾಳೆ ಬಂದರೆ ಬಲ ಹಾಕಬೇಡಿ. ತೆಳುವಾದ ಪ್ಲಾಸ್ಟಿಕ್ ಹಾಳೆಯ ತುಂಡನ್ನು ತೂತಿನ ಸುತ್ತ ಜಾರಿಸಿದರೆ ಬಿಟ್ಟುಕೊಳ್ಳುತ್ತದೆ. ಗುಂಡುಸೂಜಿ, ಸ್ಟೇಪಲ್ ತೆಗೆಯಲೂ ಇದೇ ಉಪಾಯ: ಪಿನ್ನಿನ ಕೆಳಗೊಂದು, ಮೇಲೊಂದು ಪ್ಲಾಸ್ಟಿಕ್ ತುಂಡು ಜಾರಿಸಿ, ಕಾಗದವನ್ನು ಮುಟ್ಟದೆ ಪಿನ್ನನ್ನಷ್ಟೇ ಬಿಚ್ಚುವುದು. ತೂತಿನ ಸುತ್ತ ಉಳಿಯುವ ತುಕ್ಕಿನ ಉಂಗುರಕ್ಕೆ ನಿಂಬೆರಸ ಹಚ್ಚುವ ಬುದ್ಧಿವಂತರಿದ್ದಾರೆ. ತುಕ್ಕು ಕರಗಿದರೂ ಹುಳಿ ಕಾಗದದಲ್ಲೇ ಉಳಿಯುತ್ತದೆ, ಕೆಲವು ವರ್ಷದಲ್ಲಿ ಉಂಗುರದ ಜಾಗದಲ್ಲಿ ದೊಡ್ಡ ತೂತೇ ಆಗುತ್ತದೆ.

ಬಿಡಿಸಿದ ಕೂಡಲೇ ಸಂಖ್ಯೆ. ಮೆದು ಪೆನ್ಸಿಲ್‌ನಿಂದ, 2ಬಿ ಆದರೆ ಒಳ್ಳೆಯದು, ಹಿಂಬದಿಯ ಕೆಳಮೂಲೆಯಲ್ಲಿ ಒತ್ತದೆ ಬರೆಯಿರಿ. ಗಂಟಿನ ಸಂಖ್ಯೆ ಮೊದಲು, ಹಾಳೆಯ ಸಂಖ್ಯೆ ಆಮೇಲೆ: 03-017 ಅಂದರೆ ಮೂರನೆಯ ಗಂಟಿನ ಹದಿನೇಳನೆಯದು. ಬಾಲ್‌ಪೆನ್, ಸ್ಟಿಕರ್, ರಬ್ಬರ್ ಸೀಲು ಯಾವುದೂ ಬೇಡ. ಒಂದು ನೋಟುಬುಕ್ಕಿನಲ್ಲಿ ಪ್ರತಿ ಗಂಟಿಗೂ ನಾಲ್ಕು ಸಾಲು ಬರೆದಿಡಿ: ಎಲ್ಲಿ ಸಿಕ್ಕಿತು, ಯಾರ ಸುಪರ್ದಿಯಲ್ಲಿತ್ತು, ಏನು ಸುತ್ತಿತ್ತು, ಎಷ್ಟು ಹಾಳೆ. ವಿಷಯವಾರು ವಿಂಗಡಣೆ ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು. ಅಲ್ಲಿ ಎಳೆದಾಡಿದರೆ ಯಾವ ಹಾಳೆಯೂ ಹರಿಯುವುದಿಲ್ಲ.

ಇನ್ನು ಕಾಲ ಗುರುತಿಸುವ ವಿಚಾರ. ಇಲ್ಲಿ ಒಂದು ಕಾರ್ಡನ್ನೇ ಎದುರಿಗಿಟ್ಟುಕೊಳ್ಳೋಣ. ತಲೆಯಲ್ಲಿ "ಶ್ರೀ", ಅದರ ಬಲಕ್ಕೆ "ಪಾರ್ಥಿವ ಸಂ||ದ ಶ್ರಾವಣ ಶು|| ೫" ಎಂದಿದೆ. ಇಸವಿ ಇಲ್ಲ. ಪಾರ್ಥಿವ ಅರವತ್ತು ಸಂವತ್ಸರಗಳಲ್ಲಿ ಹತ್ತೊಂಬತ್ತನೆಯದು. ಪ್ರಭವ 1927ರ ಯುಗಾದಿಗೆ ಶುರುವಾಯಿತು, ಮತ್ತೆ 1987ಕ್ಕೆ. 1927ಕ್ಕೆ ಹದಿನೆಂಟು ಕೂಡಿಸಿದರೆ 1945. ಆದರೆ ಅದೇ ಹೆಸರು 1885ರಲ್ಲೂ ಬಂದಿತ್ತು, 2005ರಲ್ಲೂ ಬಂತು. ಯಾವ ಸುತ್ತು ಎಂಬುದನ್ನು ಕಾರ್ಡಿನ ಮುಖ ಹೇಳುತ್ತದೆ. ಮೇಲೆ ಅಚ್ಚಾದ ಸ್ಟಾಂಪಿನಲ್ಲಿ ಆರನೇ ಜಾರ್ಜ್ ಇದ್ದರೆ 1945 ಖಚಿತ. ವಿಕ್ಟೋರಿಯಾ ರಾಣಿ ಇದ್ದು "ಈಸ್ಟ್ ಇಂಡಿಯಾ ಪೋಸ್ಟ್ ಕಾರ್ಡ್" ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿದ್ದರೆ 1885. ಶ್ರಾವಣ ಶುದ್ಧ ಪಂಚಮಿ ಅಂದರೆ ನಾಗರಪಂಚಮಿ, 1945ರಲ್ಲಿ ಅದು ಆಗಸ್ಟ್ ಎರಡನೇ ವಾರದ ಕೊನೆಗೆ ಬೀಳುತ್ತದೆ. ಅಂಚೆ ಸೀಲಿನಲ್ಲಿ ಆಗಸ್ಟ್ 14 ಎಂದೋ 15 ಎಂದೋ ಕಂಡರೆ ಎರಡೂ ತಾಳೆಯಾದವು. ಶಕವರ್ಷ ಬರೆದಿದ್ದರೆ ಇನ್ನೂ ಸುಲಭ, 1867 ಎಂದಿದ್ದರೆ ಅದಕ್ಕೆ 78 ಕೂಡಿಸಿ. ಪುಷ್ಯ, ಮಾಘ, ಫಾಲ್ಗುಣದ ಕಾಗದಗಳಲ್ಲಿ ಜನವರಿ 1 ದಾಟಿದ್ದರೆ 79 ಕೂಡಿಸಬೇಕು. ಇಲ್ಲಿ ಎಡವುವವರೇ ಹೆಚ್ಚು.

ವಾರದ ಹೆಸರುಗಳೂ ಈಗಿನಂತಿರುವುದಿಲ್ಲ. ಸ್ಥಿರವಾರ ಶನಿವಾರ, ಭೌಮವಾರ ಮಂಗಳವಾರ, ಸೌಮ್ಯವಾರ ಬುಧವಾರ, ಭೃಗುವಾರ ಶುಕ್ರವಾರ. "ಬ|| ೧೦" ಎಂದರೆ ಬಹುಳ ದಶಮಿ. ದಕ್ಷಿಣ ಕನ್ನಡದ ಕಡೆಯ, ಮದ್ರಾಸ್ ಪ್ರಾಂತದ ಕಾಲದ ಕಂದಾಯದ ಕಾಗದಗಳಲ್ಲಿ ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ, ಇರುತ್ತದೆ. ಫಸಲಿ ಜುಲೈ 1ಕ್ಕೆ ಶುರು. ಜುಲೈನಿಂದ ಡಿಸೆಂಬರ್ ಒಳಗಾದರೆ 590, ಜನವರಿಯಿಂದ ಜೂನ್ ಒಳಗಾದರೆ 591 ಕೂಡಿಸಿ. ಫಸಲಿ 1350 ಅಂದರೆ 1940-41. ಬೀದರ್, ಕಲಬುರಗಿ, ರಾಯಚೂರು ಕಡೆಯ ಗಂಟುಗಳಲ್ಲೂ ಫಸಲಿ ಸಿಗುತ್ತದೆ, ಆದರೆ ನಿಜಾಮರ ಫಸಲಿ ವರ್ಷ ಜುಲೈಗಲ್ಲ, ಅಕ್ಟೋಬರ್ ಸುಮಾರಿಗೆ ಬದಲಾಗುತ್ತಿತ್ತು. ಅಲ್ಲಿನ ಕವರುಗಳ ಮೇಲೆ ಜಾರ್ಜ್ ರಾಜನ ಬದಲು ನಿಜಾಮ್ ಸರ್ಕಾರದ್ದೇ ಸ್ಟಾಂಪು. ಧಾರವಾಡ, ಬೆಳಗಾವಿ ಕಡೆಯ ಹಳೆಯ ದಸ್ತಾವೇಜುಗಳು ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದ್ದರೆ ಅದನ್ನು ಹಾಳಾದ ಕನ್ನಡವೆಂದು ತಿಳಿದು ಪಕ್ಕಕ್ಕೆ ಎಸೆಯಬೇಡಿ. ಮೋಡಿ ಓದುವವರು ಇನ್ನೂ ಇದ್ದಾರೆ.

ಕಾರ್ಡಿನ ಅಚ್ಚು ಹೇಳುವ ಗಡುವುಗಳು ಕೆಲವು ಗಟ್ಟಿಯಾದವು. ಭಾರತದಲ್ಲಿ ಪೋಸ್ಟ್‌ಕಾರ್ಡು ಬಂದದ್ದು 1879ರ ಜುಲೈ 1ರಂದು, ಬೆಲೆ ಕಾಲಾಣೆ. ಇನ್‌ಲ್ಯಾಂಡ್ ಲೆಟರ್ ಬಂದದ್ದು 1950ರ ಅಕ್ಟೋಬರ್ 2ಕ್ಕೆ. ಅದಕ್ಕೂ ಮುಂಚಿನ ಕಾಗದ ಇನ್‌ಲ್ಯಾಂಡಿನಲ್ಲಿ ಇರಲು ಸಾಧ್ಯವಿಲ್ಲ. "ನಯೇ ಪೈಸೆ" ಎಂದು ಅಚ್ಚಾಗಿದ್ದರೆ ಅದು 1957ರ ಏಪ್ರಿಲ್ ಮತ್ತು 1964ರ ಜೂನ್ ನಡುವಿನ ಮಾಲು, ಆಮೇಲೆ ಬರೀ ಪೈಸೆ. ಪಿನ್‌ಕೋಡಿಗೆ ಆರು ಚೌಕ ಇದ್ದರೆ 1972ರ ಆಗಸ್ಟ್ 15ರ ಈಚಿನದು. ವಿಳಾಸದಲ್ಲಿ "ಮೈಸೂರು ರಾಜ್ಯ" ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್‌ಗಿಂತ ಹಿಂದಿನದು. ಸಾಮಾನ್ಯವಾಗಿ ಎಂದೆ, ಏಕೆಂದರೆ ಹಳೆಯ ಹೆಸರನ್ನು ಹತ್ತು ವರ್ಷ ಬರೆದವರೂ ಇದ್ದಾರೆ. ಸ್ಟಾಂಪಿನ ಮೇಲಿನ ರಾಜನ ವಿಷಯದಲ್ಲೂ ಹಾಗೆಯೇ: ರಾಜ ತೀರಿಕೊಂಡ ಮರುದಿನವೇ ಅಂಚೆ ಕಚೇರಿಯ ದಾಸ್ತಾನು ಬದಲಾಗುವುದಿಲ್ಲ, ಮನೆಯಲ್ಲಿ ತಂದಿಟ್ಟ ಕಾರ್ಡು ವರ್ಷಗಟ್ಟಲೆ ಉಳಿಯುತ್ತದೆ. ಸ್ವಾತಂತ್ರ್ಯ ಬಂದ ಮೇಲೂ ಕೆಲಕಾಲ ಆರನೇ ಜಾರ್ಜನ ಕಾರ್ಡುಗಳು ಓಡಾಡಿದವು. ಅಚ್ಚು ಹೇಳುವುದು "ಇದಕ್ಕಿಂತ ಮುಂಚೆ ಅಲ್ಲ" ಎಂದಷ್ಟೇ. ನಿಖರವಾದ ದಿನ ಬೇಕಾದರೆ ಸೀಲನ್ನೇ ನೋಡಬೇಕು. ಸೀಲು ಸಾಮಾನ್ಯವಾಗಿ ಎರಡು ಇರುತ್ತವೆ, ಹಾಕಿದ ಊರಿನದೊಂದು, ಮುಟ್ಟಿದ ಊರಿನದೊಂದು. ಎರಡನ್ನೂ ಬರೆದುಕೊಳ್ಳಿ. ಮಳೆಗಾಲದಲ್ಲಿ ಮಲೆನಾಡಿನ ಒಂದೂರಿಂದ ಇನ್ನೊಂದೂರಿಗೆ ಕಾಗದ ಎಷ್ಟು ದಿನ ತೆಗೆದುಕೊಳ್ಳುತ್ತಿತ್ತು ಎಂಬ ಲೆಕ್ಕ ಇನ್ನೆಲ್ಲೂ ಸಿಗುವುದಿಲ್ಲ.

ಇದೇ ಕಾರಣಕ್ಕೆ ಸ್ಟಾಂಪು ಕತ್ತರಿಸುವ ಮಕ್ಕಳ ಹವ್ಯಾಸ ಕಂಡರೆ ಹೊಟ್ಟೆ ಉರಿಯುತ್ತದೆ. ಕವರಿನ ಮೂಲೆ ಹೋದರೆ ಸೀಲು ಹೋಯಿತು, ಸೀಲು ಹೋದರೆ ತಾರೀಖು ಹೋಯಿತು, ಇನ್‌ಲ್ಯಾಂಡ್ ಆದರೆ ಹಿಂಬದಿಯ ಐದಾರು ಸಾಲೂ ಹೋಯಿತು. ಕತ್ತರಿಸಿದ ಸ್ಟಾಂಪಿಗೆ ಸಂಗ್ರಹಕಾರರು ಕೊಡುವ ಬೆಲೆಯೂ ಬಹುಪಾಲು ಸೊನ್ನೆಯೇ. ಅವರಿಗೆ ಬೇಕಾದದ್ದು ಇಡೀ ಕವರು.

ಚಿತ್ರದ ಕಾರ್ಡುಗಳಾದರೆ ಚಿತ್ರವೇ ಸಾಕ್ಷಿ. ಮೈಸೂರಿನ ಈಗಿನ ಅರಮನೆ, 1897ರ ಬೆಂಕಿಯ ಬಳಿಕ ಕಟ್ಟಲು ಹಿಡಿದು 1912ರಲ್ಲಿ ಮುಗಿದದ್ದು. ಮರದ ಸಾರುವೆ ಕಟ್ಟಿದ ಅರಮನೆಯ ಚಿತ್ರ ಸಿಕ್ಕರೆ ಆ ನಡುವಿನ ವರ್ಷಗಳದ್ದು. ಮಂಗಳೂರಿನ ಹಂಚಿನ ಕಾರ್ಖಾನೆ, ನೇಯ್ಗೆ ಶಾಲೆಗಳ ಚಿತ್ರಗಳಿದ್ದರೆ ಬಾಸೆಲ್ ಮಿಷನ್ನಿನ ಸಂಗ್ರಹದೊಡನೆ ಹೋಲಿಸಿ ನೋಡಬಹುದು. 1834ರಿಂದ ಮಂಗಳೂರಿನಲ್ಲಿ ಕೆಲಸ ಮಾಡಿದ ಆ ಮಿಷನ್ನಿನ ಫೋಟೋಗಳು, ಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಪತ್ರಾಗಾರದಲ್ಲಿವೆ, ಚಿತ್ರಗಳನ್ನು ಅಂತರ್ಜಾಲದಲ್ಲೇ ಹುಡುಕಬಹುದು.

ಓದುವಾಗ ಕೆಲವು ಸಂಕೇತಗಳು ಗೊತ್ತಿರಬೇಕು. "ಮ||ರಾ||ಶ್ರೀ" ಮಹಾರಾಜಶ್ರೀ, "ವೇ||ಮೂ||" ವೇದಮೂರ್ತಿ, "ಚಿ||ಸೌ||" ಚಿರಂಜೀವಿ ಸೌಭಾಗ್ಯವತಿ, "ಸಾ||" ಸಾಷ್ಟಾಂಗ. "ಉ|| ಕುಶಲೋಪರಿ", ಅಂದರೆ ಉಭಯ ಕುಶಲೋಪರಿ, ಬಂದಲ್ಲಿಗೆ ಪೀಠಿಕೆ ಮುಗಿಯಿತು, ನಿಜವಾದ ಸುದ್ದಿ ಅಲ್ಲಿಂದ ಮುಂದೆ. ಪೀಠಿಕೆಯನ್ನು ಹಾರಿಸಿ ಓದುವವರು ಒಂದು ಸಂಗತಿ ಕಳೆದುಕೊಳ್ಳುತ್ತಾರೆ: "ತೀರ್ಥರೂಪರು" ಅಂದರೆ ಸ್ವಂತ ತಂದೆ, "ತೀರ್ಥರೂಪ ಸಮಾನರು" ಅಂದರೆ ದೊಡ್ಡಪ್ಪ, ಮಾವ, ಅಥವಾ ಸಾಕಿದವರು. ವಂಶವೃಕ್ಷ ತಪ್ಪುವುದು ಇಂಥಲ್ಲಿಯೇ. ಲೆಕ್ಕದ ಚೀಟಿಗಳಲ್ಲಿ ಇದೇ ಜೋಡಿ ಗೀಟು ಬೇರೆ ಕೆಲಸ ಮಾಡುತ್ತದೆ. ಅಂಕಿಯ ಮುಂದೆ ಒಂದು ನಿಂತ ಗೀಟು ಕಾಲು, ಎರಡು ಅರೆ, ಮೂರು ಮುಕ್ಕಾಲು. "೧೨||" ಎಂದಿದ್ದರೆ ಹನ್ನೆರಡೂವರೆ ರೂಪಾಯಿ ಇರಬಹುದು, ಹನ್ನೆರಡೂವರೆ ಸೇರೂ ಇರಬಹುದು. ಹಳೆಯ ಕೈಬರಹದಲ್ಲಿ ೩ ಮತ್ತು ೬ ಬಾಲದಲ್ಲಷ್ಟೇ ಬೇರೆ, ಅನುಮಾನ ಬಂದರೆ ಅದೇ ಕೈಯ ಇನ್ನೊಂದು ಕಾಗದದೊಡನೆ ಹೋಲಿಸಿ.

ಈಗ ಮಸಿ. ಏನನ್ನು ಮಾಡಬಾರದು ಎಂಬುದೆಲ್ಲ ಮಸಿಯ ಮೇಲೆ ನಿಂತಿದೆ. ಕಾಡಿಗೆ ಮಸಿ ನೂರಿನ್ನೂರು ವರ್ಷವಾದರೂ ಕಪ್ಪಾಗಿಯೇ ಇರುತ್ತದೆ, ಬೆಳಕಿಗೆ ಬಗ್ಗುವುದಿಲ್ಲ. ಆದರೆ ಅಂಟಿನ ಬಲದಿಂದ ನಿಂತಿರುವುದರಿಂದ ನೀರು ತಾಗಿದರೆ ಅಳಿಸಿಕೊಳ್ಳುತ್ತದೆ. ಅಳಲೆಕಾಯಿ, ಅನ್ನಭೇದಿ ಸೇರಿಸಿ ಮಾಡಿದ ಮಸಿ ಬರೆದಾಗ ಕಪ್ಪು, ಕಾಲ ಕಳೆದಂತೆ ಕಂದು. ಅನ್ನಭೇದಿ ಅಂದರೆ ಕಬ್ಬಿಣದ ಸಲ್ಫೇಟ್. ಅದರಲ್ಲಿರುವ ಆಮ್ಲ ಮತ್ತು ಹೆಚ್ಚುವರಿ ಕಬ್ಬಿಣ ಕಾಗದದ ನಾರನ್ನು ತಿನ್ನುತ್ತವೆ. ಹಾಳೆಯ ಹಿಂಬದಿಯಲ್ಲಿ ಅಕ್ಷರಗಳ ಕಂದು ನೆರಳು ಕಾಣುವುದು ಮೊದಲ ಲಕ್ಷಣ, ಅಕ್ಷರದ ಗೆರೆಯುದ್ದಕ್ಕೂ ಬಿರುಕು ಎರಡನೆಯದು, ಅಕ್ಷರವೇ ಉದುರಿ ಜಾಲರಿಯಾಗುವುದು ಕೊನೆಯದು. ತೇವ ತಾಗಿದರೆ ಈ ಕೆಲಸ ಚುರುಕಾಗುತ್ತದೆ. ಇಂಥ ಹಾಳೆಗೆ ನೀರಿನ ಯಾವ ಉಪಚಾರವೂ ಮನೆಯಲ್ಲಿ ಬೇಡ, ಮಡಿಸಲೂ ಬೇಡ. ಪೆನ್ನಿನ ನೀಲಿ ಮಸಿ ನೀರಿಗೆ ಹರಿಯುತ್ತದೆ. ಎಲ್ಲಕ್ಕಿಂತ ಮೋಸದ್ದು ಕಾಪಿಯಿಂಗ್ ಪೆನ್ಸಿಲ್. ನೋಡಲು ಮಾಮೂಲಿ ಸೀಸದ ಪೆನ್ಸಿಲಿನ ಬೂದು ಬಣ್ಣ. ಒಂದು ಹನಿ ನೀರು ಬಿದ್ದರೆ ಸಾಕು, ಕಡು ನೇರಳೆಯಾಗಿ ಹರಡುತ್ತದೆ, ಮತ್ತೆ ವಾಪಸು ಬರುವುದಿಲ್ಲ. ಕಾರ್ಡಿನ ಪೆನ್ಸಿಲ್ ಬರಹದಲ್ಲಿ ಎಲ್ಲಾದರೂ ಒಂದು ನೇರಳೆ ಚುಕ್ಕೆ ಕಂಡರೆ, ಬರೆದವರು ತುದಿಯನ್ನು ನಾಲಿಗೆಗೆ ಮುಟ್ಟಿಸಿ ಬರೆದಿದ್ದಾರೆ ಎಂದು ತಿಳಿಯಿರಿ, ಇಡೀ ಕಾರ್ಡನ್ನು ಒಣಗಾಗಿಯೇ ಇಡಿ.

ಕಾಗದದ ಹುಳಿ ತೆಗೆಯಲು ಸುಣ್ಣದ ತಿಳಿ, ಅಡುಗೆ ಸೋಡಾದ ನೀರು ಎಂದೆಲ್ಲ ಸಲಹೆಗಳು ಓಡಾಡುತ್ತವೆ. ತತ್ವ ತಪ್ಪಲ್ಲ, ಪತ್ರಾಗಾರಗಳಲ್ಲೂ ಕ್ಷಾರ ಕೊಟ್ಟು ಆಮ್ಲ ಕಳೆಯುತ್ತಾರೆ. ಆದರೆ ನಮ್ಮ ಮನೆಗಳ ಕಾಗದಕ್ಕೆ ಒಂದು ವಿಶೇಷವಿದೆ. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ, ಶುಭ ಸುದ್ದಿಯ ಕಾಗದದ ತಲೆಗೆ ಅರಿಸಿನ ಹಚ್ಚಿರುತ್ತಾರೆ. ಆರತಿಯ ಓಕುಳಿಗೆ ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದಾಗ ಏನಾಗುತ್ತದೆಯೋ ಅದೇ ಇಲ್ಲೂ ಆಗುತ್ತದೆ: ಕ್ಷಾರ ತಾಗಿದ ಕ್ಷಣ ಹಳದಿ ಮೂಲೆ ಕೆಂಪಾಗಿ, ಆ ಕೆಂಪು ಅಕ್ಷರದ ಮೇಲೆ ಹರಿಯುತ್ತದೆ. ಪಾಶ್ಚಾತ್ಯ ಕೈಪಿಡಿಗಳು ಅರಿಸಿನದ ಹೆಸರೆತ್ತುವುದಿಲ್ಲ, ಅವರ ಕಾಗದಕ್ಕೆ ಯಾರೂ ಅರಿಸಿನ ಹಚ್ಚಲಿಲ್ಲ. ಅರಿಸಿನದ ಬಣ್ಣ ಬಿಸಿಲಿಗೂ ಹಾರುತ್ತದೆ, ಹಾಗಾಗಿ ಲಗ್ನಪತ್ರಿಕೆಯನ್ನು ಫ್ರೇಮು ಹಾಕಿ ಗೋಡೆಗೆ ತೂಗುಹಾಕುವುದಾದರೆ ಮೂಲ ಬೇಡ, ಅದರ ಬಣ್ಣದ ಪ್ರತಿ ಸಾಕು.

ಹರಿದದ್ದಕ್ಕೆ ಸೆಲೊಟೇಪ್ ಹಚ್ಚಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಏಕೆ ಎಂದರೆ, ಹತ್ತಿಪ್ಪತ್ತು ವರ್ಷದಲ್ಲಿ ಮೇಲಿನ ಪ್ಲಾಸ್ಟಿಕ್ ಪಟ್ಟಿ ಒಣಗಿ ಬಿದ್ದುಹೋಗುತ್ತದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಹೊಗೆಸೊಪ್ಪಿನ ಬಣ್ಣದ ಕಲೆಯಾಗಿ ಕೂರುತ್ತದೆ. ಅಂಗಡಿಯ ಲ್ಯಾಮಿನೇಷನ್ ಅದರ ಅಪ್ಪ. ಬಿಸಿ ರೋಲರಿನಲ್ಲಿ ಅಂಟು ನಾರಿನೊಳಗೆ ಕರಗಿ ಸೇರುತ್ತದೆ, ಬಿಡಿಸಲು ದಾರಿಯಿಲ್ಲ. ಒಳಗಿನ ಹುಳಿ, ತೇವ ಎಲ್ಲವೂ ಒಳಗೇ ಬಂದಿ. "ನ್ಯಾಷನಲ್ ಆರ್ಕೈವ್ಸ್‌ನಲ್ಲೂ ಲ್ಯಾಮಿನೇಷನ್ ಮಾಡುತ್ತಿದ್ದರಲ್ಲ" ಎಂದು ವಾದಿಸುವವರಿದ್ದಾರೆ. ಮಾಡುತ್ತಿದ್ದರು, ನಿಜ. ಅದು ಸೆಲ್ಯುಲೋಸ್ ಅಸಿಟೇಟ್ ಹಾಳೆ ಮತ್ತು ಟಿಶ್ಯೂ ಕಾಗದವನ್ನು ಅಸಿಟೋನಿನಿಂದ ಕೈಯಲ್ಲೇ ಅಂಟಿಸುವ ಕ್ರಮ. ಬೇಕಾದರೆ ಅಸಿಟೋನಿನಲ್ಲೇ ಬಿಡಿಸಬಹುದು. ಜೆರಾಕ್ಸ್ ಅಂಗಡಿಯ ಯಂತ್ರಕ್ಕೂ ಅದಕ್ಕೂ ಹೆಸರೊಂದೇ ಸಮಾನ.

ಮನೆಯಲ್ಲೇ ಮಾಡಬಹುದಾದ ರಿಪೇರಿ ಎಂದರೆ ಜಪಾನಿ ಟಿಶ್ಯೂ ಎಂಬ ಉದ್ದ ನಾರಿನ ತೆಳು ಕಾಗದ ಮತ್ತು ಗೋಧಿ ಗಂಜಿಯ ಅಂಟು. ಮೈದಾ ಅಂಟು ಬೇಡ, ಅದರಲ್ಲಿನ ನಾರುನಾರಾದ ಜಿಗುಟು ಭಾಗ ಗಟ್ಟಿಯಾಗಿ ಕಾಗದವನ್ನು ಸೆಳೆಯುತ್ತದೆ, ಹುಳುವಿಗೂ ಅದು ಪ್ರಿಯ. ಗೋಧಿ ಹಲ್ವಕ್ಕೆ ಹಾಲು ತೆಗೆಯುವುದು ಗೊತ್ತಿದ್ದವರಿಗೆ ಇದು ಹೊಸದಲ್ಲ: ಗೋಧಿ ನೆನೆಸಿ ರುಬ್ಬಿ ಹಿಂಡಿ, ಹಾಲನ್ನು ರಾತ್ರಿ ಬಿಟ್ಟು, ಮೇಲಿನ ತಿಳಿ ಚೆಲ್ಲಿ, ತಳದ ಬಿಳಿ ಗಷ್ಟವನ್ನಷ್ಟೇ ಮತ್ತೆರಡು ಸಲ ನೀರು ಹಾಕಿ ತಿಳಿಯಾಗಿಸಿ ಒಣಗಿಸಿಕೊಳ್ಳಿ. ಒಂದು ಚಮಚ ಪುಡಿಗೆ ಐದು ಚಮಚ ನೀರು. ಅರ್ಧ ಗಂಟೆ ನೆನೆದ ಮೇಲೆ ಸಣ್ಣ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ ಕೈ ಬಿಡದೆ ಕಲಕಿ. ಬಿಳಿ ಹೋಗಿ ಗಾಜಿನಂತೆ ಪಾರದರ್ಶಕವಾದಾಗ ಇಳಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಎರಡು ಸಲ ಸೋಸಿ. ಹಚ್ಚುವಾಗ ಗಟ್ಟಿ ಮಜ್ಜಿಗೆಯ ಹದಕ್ಕೆ ನೀರು ಸೇರಿಸಿ. ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಹುಳು ಬಾರದಿರಲಿ ಎಂದು ಬೈಂಡಿಂಗ್ ಮಾಡುವವರು ಹಾಕುವ ಮೈಲುತುತ್ತವನ್ನು ಹಾಕಬೇಡಿ. ಅದರ ತಾಮ್ರವೂ ಕಬ್ಬಿಣದ ಹಾಗೆಯೇ ಕಾಗದ ಸುಡುತ್ತದೆ.

ಟಿಶ್ಯೂವನ್ನು ಕತ್ತರಿಸದೆ, ಒದ್ದೆ ಬ್ರಷ್ಷಿನಿಂದ ಗೆರೆ ಎಳೆದು ಕೈಯಲ್ಲಿ ಹರಿದುಕೊಂಡರೆ ಅಂಚಿನ ನಾರು ಉಳಿದು ಹಿಡಿತ ಚೆನ್ನಾಗಿರುತ್ತದೆ. ಅಗಲ ಅರ್ಧ ಸೆಂಟಿಮೀಟರ್ ಸಾಕು. ಅಂಟನ್ನು ಟಿಶ್ಯೂವಿಗೆ ಹಚ್ಚಿ, ಹೆಚ್ಚಿನದನ್ನು ಬ್ಲಾಟಿಂಗ್ ಕಾಗದಕ್ಕೆ ಒತ್ತಿ ತೆಗೆದು, ಬರಹವಿಲ್ಲದ ಬದಿಯಲ್ಲಿ ಹರುಕಿನ ಮೇಲೆ ಕೂರಿಸಿ. ಮೇಲೊಂದು ಬೇಕಿಂಗ್ ಪೇಪರ್, ಅದರ ಮೇಲೆ ಬ್ಲಾಟಿಂಗ್, ಅದರ ಮೇಲೆ ದಪ್ಪ ಪುಸ್ತಕ, ಎರಡು ಮೂರು ಗಂಟೆ. ಮೊದಲ ಪ್ರಯೋಗ ಹಳೆಯ ಪತ್ರಿಕೆಯ ತುಂಡಿನ ಮೇಲಿರಲಿ. ಅದಕ್ಕೂ ಮೊದಲು ಮಸಿಯ ಪರೀಕ್ಷೆ: ಕಡ್ಡಿಗೆ ಸುತ್ತಿದ ಹತ್ತಿಯನ್ನು ಒದ್ದೆ ಮಾಡಿ ಹಿಂಡಿ, ಒಂದು ಪೂರ್ಣವಿರಾಮದ ಮೇಲೆ ಹತ್ತು ಸೆಕೆಂಡ್ ಒತ್ತಿ. ಹತ್ತಿಗೆ ಬಣ್ಣ ಬಂದರೆ ಆ ಹಾಳೆಗೆ ಅಂಟಿನ ರಿಪೇರಿ ಇಲ್ಲ, ಹಾಗೆಯೇ ಒಂದು ಮಡಿಕೆಯೊಳಗೆ ಇಡುವುದು.

ಬೂಸ್ಟು ಬಂದ ಗಂಟು ಸಿಕ್ಕಾಗ ಜನ ಮೊದಲು ಮಾಡುವುದು ಅಂಗಳದ ಬಿಸಿಲಿಗೆ ಹರಡುವುದು. ಬಿಸಿಲಿಗೆ ಕಾಗದ ಸುರುಟುತ್ತದೆ, ಮಸಿ ಮಾಸುತ್ತದೆ. ನೆರಳಿನಲ್ಲಿ, ಫ್ಯಾನಿನ ಗಾಳಿ ನೇರ ಬೀಳದಂತೆ, ಬೂಸ್ಟು ಪುಡಿಯಾಗುವಷ್ಟು ಒಣಗಿಸಿ. ಒದ್ದೆಯಿರುವಾಗ ಒರೆಸಿದರೆ ಅದು ನಾರಿನೊಳಕ್ಕೇ ಉಜ್ಜಿದಂತೆ. ಒಣಗಿದ ಮೇಲೆ ಎನ್95 ಮಾಸ್ಕ್ ಹಾಕಿಕೊಂಡು, ಹೊರಗೆ ಕೂತು, ಮೆತ್ತನೆಯ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಗುಡಿಸಿ. ನೆನೆದ ಕಾಗದದಲ್ಲಿ ಎರಡು ದಿನದೊಳಗೆ ಬೂಸ್ಟು ಮೊಳೆಯುತ್ತದೆ, ಆದ್ದರಿಂದ ರಾಶಿ ದೊಡ್ಡದಿದ್ದು ಒಣಗಿಸಲು ಜಾಗ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಿಬಿಡಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ತೆಗೆದು ಒಣಗಿಸಬಹುದು.

ಹುಳುವಿಗೂ ಫ್ರೀಜರೇ ಮದ್ದು. ಒಣಗಿದ ಕಾಗದಗಳನ್ನು ಜಿಪ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ. ತೆಗೆದ ಮೇಲೆ ಇಪ್ಪತ್ನಾಲ್ಕು ಗಂಟೆ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಗಾಜಿನ ಫೋಟೋ ಪ್ಲೇಟುಗಳನ್ನು ಫ್ರೀಜರಿಗೆ ಇಡಬೇಡಿ. ಬೇವಿನ ಎಲೆ, ಬಜೆ ಬೇರು ಹಾಕುವ ನಮ್ಮ ರೂಢಿ ಕೆಟ್ಟದ್ದಲ್ಲ, ಆದರೆ ಹಸಿ ಎಲೆ ಹಾಕಿದರೆ ತೇವವನ್ನೂ ಜೊತೆಗೆ ಕೊಟ್ಟಂತೆ. ಚೆನ್ನಾಗಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ, ಕಾಗದಕ್ಕೆ ತಾಗದಂತೆ ಇಡಿ. ನುಸಿಗುಳಿಗೆಯ ವಾಸನೆ ಕಾಗದ ಹಿಡಿಯುತ್ತದೆ, ಓದುವವರ ತಲೆಯನ್ನೂ ಹಿಡಿಯುತ್ತದೆ, ಅದನ್ನು ಬಿಟ್ಟುಬಿಡಿ.

ಇಡುವ ಜಾಗ ಮನೆಯ ಒಳಗೋಡೆಗೆ ಒತ್ತಿದ ಕಪಾಟು. ಹೆಂಚಿನ ಕೆಳಗಿನ ಅಟ್ಟ ಬೇಸಗೆಯಲ್ಲಿ ಕಾಯುತ್ತದೆ, ಮಳೆಗಾಲದಲ್ಲಿ ಸೋರುತ್ತದೆ. ಕಬ್ಬಿಣದ ಟ್ರಂಕೇ ಬೇಕೆಂದರೆ ನೆಲದಿಂದ ಅರ್ಧ ಅಡಿ ಎತ್ತರಿಸಿ, ಗೋಡೆಯಿಂದ ನಾಲ್ಕು ಬೆರಳು ದೂರವಿಡಿ. ಒಂದು ಸಣ್ಣ ತೇವಮಾಪಕ ಒಳಗಿರಲಿ. ಶೇಕಡಾ 65 ದಾಟಿದರೆ ಬೂಸ್ಟಿಗೆ ಆಹ್ವಾನ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ದಾಟುವುದು ಖಂಡಿತ, ಆ ನಾಲ್ಕು ತಿಂಗಳು ಬಿಗಿಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ, ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಹಾಕಿ. ಹಾಳೆಗಳ ಕವರಿಗೆ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಸರಿ. ಹೊಸ ರೇನ್‌ಕೋಟಿನ ವಾಸನೆ ಬರುವ ಪ್ಲಾಸ್ಟಿಕ್ ಪಿವಿಸಿ, ಅದು ಅಕ್ಷರವನ್ನೇ ತನ್ನ ಮೈಗೆ ಎತ್ತಿಕೊಳ್ಳುತ್ತದೆ. ರಬ್ಬರ್ ಬ್ಯಾಂಡ್ ಬದಲು ಹತ್ತಿಯ ಲಾಡಿ. ಇನ್‌ಲ್ಯಾಂಡುಗಳನ್ನು ಬಿಡಿಸಿ ಚಪ್ಪಟೆಯಾಗಿಯೇ ಇಡಿ, ಅವು ಹರಿಯುವುದು ಮಡಿಕೆಯಲ್ಲೇ. ಅಂಟು ಹಾಕುವ ರೆಕ್ಕೆಯ ಮೇಲೆ ಓರೆಯಾಗಿ ಬರೆದ ಕೊನೆಯ ಎರಡು ಸಾಲನ್ನು ಮಾತ್ರ ಮರೆಯಬೇಡಿ; ಮುಜುಗರದ ಸುದ್ದಿ, ಸಾಲದ ಮಾತು ಬಹುಪಾಲು ಅಲ್ಲಿರುತ್ತವೆ.

ಸ್ಕ್ಯಾನು 600 ಡಿಪಿಐ (ಅಂಗುಲಕ್ಕೆ 600 ಚುಕ್ಕೆ), ಬಣ್ಣದಲ್ಲಿ, ಎರಡೂ ಬದಿ, ಬರಹವಿಲ್ಲದ ಬದಿಯಾದರೂ ಸರಿ. ಹದಿನಾಲ್ಕು ಸೆಂಟಿಮೀಟರ್ ಉದ್ದ, ಒಂಬತ್ತು ಅಗಲದ ಕಾರ್ಡು ಒಂದು ಬದಿಗೆ ಸುಮಾರು 21 ಎಂಬಿ ಟಿಫ್ (ಗುಣಮಟ್ಟ ಕುಗ್ಗಿಸದ ಚಿತ್ರದ ಕಡತ) ಆಗುತ್ತದೆ, ಐನೂರು ಕಾರ್ಡಿನ ಎರಡೂ ಬದಿಗೆ 21 ಜಿಬಿ. ಈಗಿನ ಕಾಲಕ್ಕೆ ಅದೇನೂ ದೊಡ್ಡದಲ್ಲ, ಹಾಗಾಗಿ ಕಪ್ಪುಬಿಳುಪಿನ ಉಳಿತಾಯ ಬೇಡ. ಕಡತದ ಹೆಸರು ಪೆನ್ಸಿಲ್ ಸಂಖ್ಯೆಯೇ ಆಗಿರಲಿ: 03-017-1 ಮುಂದೆ, 03-017-2 ಹಿಂದೆ. ಮಾಸಿದ ಕಂದು ಮಸಿಯನ್ನು ಓದಲು ಚಿತ್ರದ ನೀಲಿ ಚಾನೆಲ್ ಒಂದನ್ನೇ, ಅಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಪದರಗಳಲ್ಲಿ ನೀಲಿಯನ್ನಷ್ಟೇ, ತೆಗೆದು ನೋಡಿ. ಕಂದು ಬಣ್ಣ ನೀಲಿ ಬೆಳಕನ್ನು ನುಂಗುವುದರಿಂದ ಅಕ್ಷರ ಕಪ್ಪಗೆ ಎದ್ದು ಬರುತ್ತದೆ. ನೇರಳೆ ಬರಹಕ್ಕೆ ಹಸಿರು ಚಾನೆಲ್. ಪೆನ್ಸಿಲ್ ಒತ್ತಿದ ಗುರುತು ಮಾತ್ರ ಉಳಿದಿದ್ದರೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಹಾಳೆಗೆ ಸಮನಾಗಿ ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ. ಮೂರು ಪ್ರತಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಗನೋ ಮಗಳೋ ಮೂಲವನ್ನೇ ಒಯ್ಯುತ್ತೇನೆ ಎಂದಾಗ ಒಂದು ಕಾನೂನು ನೆನಪಿರಲಿ. 1972ರ ಪುರಾವಸ್ತು ಕಾಯ್ದೆಯಂತೆ 75 ವರ್ಷ ದಾಟಿದ, ಚಾರಿತ್ರಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿ, ದಾಖಲೆಗಳು ಪುರಾವಸ್ತುಗಳು. ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಸ್ಕ್ಯಾನ್ ಒಯ್ಯಲಿ. ಪ್ರಕಟಿಸುವುದಾದರೆ ಇನ್ನೊಂದು: ಕಾಗದ ಪಡೆದವರ ಮನೆಯದು, ಅದರಲ್ಲಿನ ಮಾತಿನ ಹಕ್ಕು ಬರೆದವರದು, ಅವರ ನಂತರ ಅವರ ವಾರಸುದಾರರದು. ಕೇಳಿಯೇ ಹಾಕಿ. ಜಮೀನು ವ್ಯಾಜ್ಯ, ಸಾಲ, ಹುಡುಗಿ ನೋಡಿದ ಸುದ್ದಿಗಳ ಕಾಗದಗಳಿಗೆ ಇನ್ನೂ ಬದುಕಿರುವವರ ಸಂಬಂಧ ಇರುತ್ತದೆ.

ಮನೆಯಲ್ಲಿ ಇಡಲಾಗದಿದ್ದರೆ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ ಇದೆ. ವಿಜ್ಞಾನಿಗಳ ಪತ್ರಗಳಾದರೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ 2019ರಲ್ಲಿ ತೆರೆದ ಪತ್ರಾಗಾರವಿದೆ. ಕೊಡುವಾಗ ಬಿಡಿ ಕಾಗದ ಆರಿಸಿ ಕೊಡಬೇಡಿ, ಗಂಟನ್ನೇ ಕೊಡಿ, ನಿಮ್ಮ ನೋಟುಬುಕ್ಕಿನ ಪ್ರತಿಯನ್ನೂ ಕೊಡಿ. ದಾನಪತ್ರದಲ್ಲಿ ಯಾರು ನೋಡಬಹುದು, ಎಷ್ಟು ವರ್ಷ ಮುಚ್ಚಿಡಬೇಕು ಎಂಬುದನ್ನು ಬರೆಸಿಕೊಳ್ಳಿ.

ಎಲ್ಲ ಸಂಖ್ಯೆ ಹಾಕಿ ಮುಗಿದ ಮೇಲೂ ತಂತಿಯಲ್ಲಿ ಒಂದು ಬಗೆಯ ಕಾಗದ ಸಿಗುವುದಿಲ್ಲ, ಸಾವಿನ ಸುದ್ದಿಯ ಕಾರ್ಡು. ಅದನ್ನು ಹೊಸ್ತಿಲ ಹೊರಗೇ ಓದಿ ಹರಿದು ಹಾಕುವುದು ರೂಢಿ, ಮನೆಯೊಳಗೆ ಇಡುತ್ತಿರಲಿಲ್ಲ. ಸಾವು ಬೇರೆ ರೀತಿ ಗೊತ್ತಾಗುತ್ತದೆ: ತಿಂಗಳಿಗೆ ಎರಡು ಕಾಗದ ಬರೆಯುತ್ತಿದ್ದ ಒಂದು ಕೈ ಇದ್ದಕ್ಕಿದ್ದಂತೆ ನಿಂತು, ಅದೇ ವಿಳಾಸದಿಂದ ಬೇರೆ ಕೈಯ ಬರಹ ಶುರುವಾಗುತ್ತದೆ. ಪೀಠಿಕೆಯಲ್ಲಿ "ಚಿ||ಸೌ||" ಇದ್ದ ಜಾಗದಲ್ಲಿ "ಗಂ||", ಅಂದರೆ ವಿಧವೆಯರಿಗೆ ಬರೆಯುತ್ತಿದ್ದ ಗಂಗಾಭಾಗೀರಥಿ, ಬಂದಿರುತ್ತದೆ. ಅಂಥ ಕಡೆ ಎರಡು ಕಾಗದಗಳ ನಡುವೆ ಒಂದು ಖಾಲಿ ಚೀಟಿ ಇಟ್ಟು, ಹಿಂದಿನ ಮತ್ತು ಮುಂದಿನ ಕಾಗದದ ತಾರೀಖು ಬರೆಯಿರಿ. ತೀರಿಕೊಂಡ ತಿಥಿ ಬೇಕಾದರೆ ಮನೆಯವರು ಶ್ರಾದ್ಧ ಯಾವ ಮಾಸ, ಯಾವ ಪಕ್ಷದಲ್ಲಿ ಮಾಡುತ್ತಾರೆಂದು ಕೇಳಿ ಪಂಚಾಂಗಕ್ಕೆ ತಾಳೆ ಹಾಕಿ.